ನೂರಾ ಹದಿನೈದನ್ನು ಕದ್ದವಳು

ಪ್ರಯೋಗಾಲಯವು ಸೋರಿಕೆಯಕ್ಕನಿಗೆ ಒಂದು ಸಾಲು ಬಾಕಿ ಉಳಿಸಿಕೊಂಡಿದೆ. ಇದು ಹಣದ ಬಾಕಿಯಲ್ಲ. 'ಈಕೆ ಏನನ್ನೂ ಕದ್ದಿಲ್ಲ' ಎಂಬ ಒಂದೇ ಒಂದು ಸಾಲು. ಹೇಳಲು ಅರ್ಧ ಉಸಿರು ಸಾಕು. ವಿಚಾರಣೆ ಮುಗಿದು ಎರಡು ಬೇಸಿಗೆ ಕಳೆದವು, ನಿರ್ದೇಶಕರ ಬಾಯಿಂದ ಆ ಸಾಲು ಇನ್ನೂ ಕೆಳಗಿಳಿದಿಲ್ಲ.

ಸೋರಿಕೆಯಕ್ಕ ಎಂಬುದು ಕೆಲಸದಿಂದ ಅಂಟಿಕೊಂಡ ಹೆಸರು. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಒಂದು ಉಕ್ಕಿನ ಕೊಳವೆ ಇದೆ. ಈ ತುದಿಯಲ್ಲಿ ನಿಂತವರಿಗೆ ಆ ತುದಿಯಲ್ಲಿ ನಿಂತವರ ಮುಖ ಗುರುತು ಹತ್ತದಷ್ಟು ಉದ್ದ. ಒಳಗಿನ ಗಾಳಿಯನ್ನೆಲ್ಲ ಪಂಪುಗಳು ಬಿಡುವಿಲ್ಲದೆ ಹೀರಿ ಹೊರಗೆ ಹಾಕುತ್ತಿರುತ್ತವೆ. ಕೊಳವೆ ಒಂದೇ ತುಂಡಲ್ಲ, ತುಂಡು ತುಂಡು ಸೇರಿಸಿ ಬೋಲ್ಟು ಬಿಗಿದದ್ದು. ಸೇರಿಸಿದ ಕಡೆಯೆಲ್ಲ ಗಾಳಿ ನುಸುಳಲು ಹೊಂಚು ಹಾಕುತ್ತದೆ. ಹೀಲಿಯಂ ಅನಿಲದ ಸಣ್ಣ ನಳಿಕೆ ಹಿಡಿದು ಒಂದೊಂದು ಕೀಲಿನ ಸುತ್ತ ಊದುತ್ತ ಹೋಗುವುದು ಇವಳ ಕೆಲಸ. ಕೂದಲೆಳೆಯಷ್ಟು ಸಂದಿದ್ದರೂ ಹೀಲಿಯಂ ಒಳಗೆ ನುಗ್ಗುತ್ತದೆ, ಅದನ್ನು ಪತ್ತೆ ಹಚ್ಚುವ ಯಂತ್ರ ಕಿರ್ರೆನ್ನುತ್ತದೆ. ಆಗ ಅಲ್ಲಿ ಮಂಡಿಯೂರಿ, ಬೋಲ್ಟು ಬಿಚ್ಚಿ, ಹೊಸದಾಗಿ ಬಿಗಿದು, ಮತ್ತೆ ಊದುವುದು. ಹತ್ತೊಂಬತ್ತನೇ ವಯಸ್ಸಿಗೆ ನೆಲ ಒರೆಸಲು ಸೇರಿದವಳು ಕೆಲಸ ಕಲಿತು ಕಲಿತು ಇಲ್ಲಿಗೆ ಬಂದಿದ್ದಳು. ಈಗ ಕೂದಲು ಅರ್ಧ ನರೆತಿದೆ, ಮಂಡಿ ಪೂರಾ ಸವೆದಿದೆ.

ಸುಮ್ಮನೆ ಕೂರುವ ಜಾಯಮಾನವಲ್ಲ ಅವಳದು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಲ್ಲುತ್ತಾಳೆ. ಕೆಲಸಗಾರರ ಸಂಘದ ಸಭೆಗೆ ತಪ್ಪದೆ ಹೋಗುತ್ತಾಳೆ, ಆದರೆ ಹಿಂದಿನ ಗೋಡೆಯ ಉದ್ದಕ್ಕೂ ಅಡ್ಡಾಡುತ್ತ ಭಾಷಣ ಕೇಳುತ್ತಾಳೆ. "ಮದುವೆ ಮನೆಗೆ ಕರ್ಕೊಂಡು ಹೋದ್ರೂ ಕಿಟಕಿ ಸಂದೀಲಿ ಬೆರಳು ಆಡಿಸ್ತಾಳೆ. ಗಂಡಿನ ಕಡೆಯವರು ಇವಳೇನೋ ಮನೆ ಕೊಳ್ಳೋಕೆ ಬಂದಿದಾಳೆ ಅಂದ್ಕೋತಾರೆ" ಎಂದು ಅವಳ ಅಮ್ಮ ಎಲ್ಲರ ಮುಂದೆ ಹೇಳುತ್ತಾಳೆ. ಗಂಡ ಎಂಬವನೊಬ್ಬ ಇದ್ದ. ಬೇರೆ ಊರಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಆ ಮಾತು ತೆಗೆದರೆ, "ಹೋಗ್ಲಿ ಬಿಡಿ, ಗೊರಕೆ ಕಡಿಮೆ ಆಯ್ತು" ಎಂದು ಬೇರೆ ಕೆಲಸಕ್ಕೆ ಏಳುತ್ತಾಳೆ. ಮನೆ ಎಂದರೆ ಮಹಡಿಯ ಮೂರು ಕೋಣೆ. ಅಮ್ಮ, ತಮ್ಮ, ತಮ್ಮನ ಹೆಂಡತಿ, ಇವಳು. ಕೆಳಗೆ ತಮ್ಮನ ಮೊಬೈಲ್ ರಿಪೇರಿ ಅಂಗಡಿ.

ಇನ್ನು ನೂರಾ ಹದಿನೈದರ ವಿಷಯ. ಶಾಲೆಯ ಗೋಡೆಯಲ್ಲಿ ಧಾತುಗಳ ಪಟ್ಟಿ ನೋಡಿರುತ್ತೀರಿ: ಒಂದನೆಯದು ಹೈಡ್ರೋಜನ್, ಎರಡನೆಯದು ಹೀಲಿಯಂ. ತೊಂಬತ್ತೆರಡು ದಾಟಿದ ಮೇಲಿನವು ಹೆಚ್ಚುಕಮ್ಮಿ ಮನುಷ್ಯನೇ ಮಾಡಿಕೊಂಡವು. ಈ ಪ್ರಯೋಗಾಲಯ ಮಾಡುತ್ತಿದ್ದದ್ದು ನೂರಾ ಹದಿನೈದನೆಯದು. ಮಾಸ್ಕೋವಿಯಂ ಎಂದು ಅದಕ್ಕೆ ನಾಮಕರಣವಾಗಿ ವರ್ಷಗಳಾದವು. ಆದರೆ ನೆಲಮಾಳಿಗೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಇಪ್ಪತ್ತನೆಯ ಧಾತು ಕ್ಯಾಲ್ಸಿಯಂ, ತೊಂಬತ್ತೈದನೆಯದು ಅಮೆರಿಸಿಯಂ. ಆ ಉದ್ದ ಕೊಳವೆಯಲ್ಲಿ ಕ್ಯಾಲ್ಸಿಯಮ್ಮನ್ನು ಭಯಂಕರ ವೇಗದಲ್ಲಿ ಓಡಿಸಿ, ಆ ತುದಿಯ ಅಮೆರಿಸಿಯಂ ಪದರಕ್ಕೆ ಬಡಿಯುತ್ತಾರೆ. ಕೋಟಿ ಕೋಟಿ ಏಟುಗಳು ಹುಸಿ. ತಿಂಗಳುಗಟ್ಟಲೆ ಬಡಿದರೆ ಯಾವತ್ತೋ ಒಂದು ಏಟಿಗೆ ಎರಡೂ ಅಂಟಿಕೊಂಡು ನೂರಾ ಹದಿನೈದರ ಒಂದು ಪರಮಾಣು ಹುಟ್ಟುತ್ತದೆ. ಹುಟ್ಟಿದ್ದು ಒಂದು ಸೆಕೆಂಡು ತುಂಬುವ ಮೊದಲೇ ಒಡೆದು ನೂರಾ ಹದಿಮೂರಾಗುತ್ತದೆ, ಅದೂ ಒಡೆಯುತ್ತದೆ. ಯಂತ್ರದ ಪರದೆಯ ಮೇಲೆ ಒಂದಿಷ್ಟು ಗೀಟು ಉಳಿಯುತ್ತದೆ, ಅಷ್ಟೇ. ಕೈಯಲ್ಲಿ ಹಿಡಿದವರಿಲ್ಲ, ಕಣ್ಣಲ್ಲಿ ಕಂಡವರಿಲ್ಲ. ಇಡೀ ಲೋಕದ ಪ್ರಯೋಗಾಲಯಗಳು ಇವತ್ತಿನವರೆಗೆ ಮಾಡಿದ್ದನ್ನೆಲ್ಲ ಒಂದುಗೂಡಿಸಿದರೂ ಸೊಳ್ಳೆಯ ಕಾಲಿನ ಧೂಳಿಗೂ ಸಮವಾಗದು. ಒಂದುಗೂಡಿಸಲು ಅದು ಉಳಿದರೆ ತಾನೆ!

ಆದರೆ ಇದೇ ನೂರಾ ಹದಿನೈದಕ್ಕೆ ಇನ್ನೊಂದು ಬದುಕಿದೆ. ಅದನ್ನು ಯಾರೂ ತಯಾರಿಸುವುದಕ್ಕೆ ಎಷ್ಟೋ ವರ್ಷ ಮೊದಲು, ದೂರದ ದೇಶದಲ್ಲಿ ಒಬ್ಬಾತ ಟಿವಿಯಲ್ಲಿ ಕೂತು, ಮರುಭೂಮಿಯ ಗುಪ್ತ ಶೆಡ್ಡಿನಲ್ಲಿ ಅನ್ಯಲೋಕದ ಹಾರುವ ತಟ್ಟೆಗಳನ್ನು ನೋಡಿದ್ದೇನೆ, ಅವಕ್ಕೆ ಇಂಧನ ನೂರಾ ಹದಿನೈದು ಎಂದು ಹೇಳಿದ. ಅಂದಿನಿಂದ ನಂಬುವವರ ಪಾಲಿಗೆ ಅದು ಧಾತುವಲ್ಲ, ಆಕಾಶದ ಬೀಗದಕೈ.

ತಮ್ಮ ಆ ನಂಬುವವರ ಪೈಕಿ. ಮೋಸಗಾರನಲ್ಲ. ಚಿಕ್ಕಂದಿನಿಂದ ತಲೆ ಮೇಲೆತ್ತಿಯೇ ನಡೆದು ಚರಂಡಿಗೆ ಬಿದ್ದವನು. ಅಂಗಡಿಯ ಹಿಂದಿನ ಮೂಲೆಯಲ್ಲಿ ಕಪ್ಪು ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಹಾರುವ ತಟ್ಟೆಗಳ ಬಗ್ಗೆ ವಿಡಿಯೋ ಮಾಡುತ್ತಿದ್ದ. ನೋಡುವವರು ಹೆಚ್ಚಿರಲಿಲ್ಲ. ಅವರಲ್ಲೂ ಅರ್ಧ ಜನ ಫೋನಿನ ಗಾಜು ಬದಲಿಸಲು ಎಷ್ಟಾಗುತ್ತೆ ಎಂದು ಕೇಳುವವರು.

"ವಿಜ್ಞಾನಿಗಳಿಗಿಂತ ಮೊದಲೇ ಆ ಮನುಷ್ಯ ನೂರಾ ಹದಿನೈದು ಅಂತ ಹೇಳಿದ್ದ ಅಕ್ಕ! ಹೇಗೆ ಗೊತ್ತಿತ್ತು ಅವನಿಗೆ?" ಎಂದು ಊಟಕ್ಕೆ ಕೂತಾಗಲೆಲ್ಲ ತಮ್ಮ ಕೇಳುತ್ತಿದ್ದ.

ಅಮ್ಮ ತಟ್ಟೆಯಿಂದ ಮುಖ ಎತ್ತದೆ, "ಬಸ್ ನಂಬರ್ ಹದಿನಾಲ್ಕು ಹೋದ್ಮೇಲೆ ಹದಿನೈದು ಬರುತ್ತೆ ಅಂತ ಹೇಳೋಕೆ ಅನ್ಯಲೋಕಕ್ಕೆ ಹೋಗಿ ಬರ್ಬೇಕಾ? ಉಣ್ಣು" ಎನ್ನುತ್ತಿದ್ದಳು.

ಎಡವಟ್ಟಾದದ್ದು ಒಂದು ಬಳೆಯಿಂದ. ಕೊಳವೆಯ ತುಂಡುಗಳನ್ನು ಸೇರಿಸುವಾಗ ನಡುವೆ ತಾಮ್ರದ ಒಂದು ಬಳೆ ಇಡುತ್ತಾರೆ. ಎರಡೂ ಕಡೆಯ ಉಕ್ಕಿಗೆ ಚಾಕುವಿನಂಥ ಅಂಚು ಇರುತ್ತದೆ. ಬೋಲ್ಟು ಬಿಗಿದಂತೆ ಆ ಅಂಚು ಮೆತ್ತನೆಯ ತಾಮ್ರವನ್ನು ಕಚ್ಚಿ ಹಿಡಿದು ಗಾಳಿಗೆ ದಾರಿ ಮುಚ್ಚುತ್ತದೆ. ಒಮ್ಮೆ ಕಚ್ಚಿದ ಬಳೆ ಮತ್ತೆ ಕೆಲಸಕ್ಕೆ ಬಾರದು, ಬಿಚ್ಚಿದರೆ ಎಸೆಯಬೇಕು. ಎಸೆಯಲು ಕೆಲಸಗಾರರಿಗೆ ಮನಸ್ಸು ಬಾರದು. ಹಾಗಾಗಿ ಅಲ್ಲೊಂದು ರೂಢಿ ಬೆಳೆದಿತ್ತು. ಬಿಚ್ಚಿದ ಬಳೆಯ ಮೇಲೆ, ಅದು ಯಾವ ಧಾತುವಿನ ಓಟದಲ್ಲಿ, ಅಂದರೆ ಪ್ರಯೋಗದ ಸುತ್ತಿನಲ್ಲಿ, ಬಳಕೆಯಾಯಿತೆಂದು ಕಪ್ಪು ಮಸಿಯಲ್ಲಿ ಸಂಖ್ಯೆ ಬರೆಯುವುದು, ಗೇಟಿನಲ್ಲಿ ವಿಕಿರಣ ಅಳೆಯುವ ಯಂತ್ರಕ್ಕೆ ತೋರಿಸುವುದು, ಯಂತ್ರ ತೆಪ್ಪಗಿದ್ದರೆ ಕಾವಲುಗಾರ ಹೋಗು ಎನ್ನುವುದು. ಅಮೆರಿಸಿಯಂ ಇರುವ ಅಪಾಯದ ತುದಿಯ ಬಳೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ, ಅವಕ್ಕೆ ಬೇರೆ ಪೆಟ್ಟಿಗೆ. ಈ ತುದಿಯವು ಮಾತ್ರ ಮನೆ ಸೇರುತ್ತಿದ್ದವು. ಬಾಯ್ಲರ್ ನೋಡಿಕೊಳ್ಳುವವನ ಮನೆಯಲ್ಲಿ ಕಿಟಕಿಯ ಪರದೆ ಅವುಗಳಿಂದ ತೂಗುತ್ತಿತ್ತು. ಸಂಘದ ಕಾರ್ಯದರ್ಶಿ ಹೂಕುಂಡಗಳ ಕೆಳಗೆ ಇಟ್ಟಿದ್ದ. ಸೋರಿಕೆಯಕ್ಕನ ಮನೆಯಲ್ಲಿ ಒಂದು ದೊಡ್ಡ ಬಳೆ ಬಿಸಿ ಪಾತ್ರೆಯ ಕೆಳಗೆ ಕೂತು ಮೇಜನ್ನು ಕಾಪಾಡುತ್ತಿತ್ತು. ಅದರ ಮೇಲೆ ಅವಳದೇ ಕೈಬರಹ: 115.

ಒಂದು ಬೆಳಿಗ್ಗೆ ಪಾತ್ರೆ ಇಳಿಸಲು ಹೋದರೆ ಬಳೆ ಇಲ್ಲ.

"ಅಮ್ಮ, ಬಳೆ ಎಲ್ಲಿ?"

"ನಿನ್ನ ತಮ್ಮ ತಗೊಂಡು ಹೋದ. ಒಂದು ಗಳಿಗೆ ತೋರಿಸಿ ತಂದುಕೊಡ್ತೀನಿ ಅಂದ. ಯಾರಿಗೆ ತೋರಿಸ್ತಾನೋ. ಮೇಜು ಸುಟ್ರೆ ನಾನು ಹೊಣೆ ಅಲ್ಲ."

ಯಾರಿಗೆ ತೋರಿಸಿದನೆಂದು ಮರುದಿನ ಬಸ್ ನಿಲ್ದಾಣದಲ್ಲಿ ತಿಳಿಯಿತು. ಅಪರಿಚಿತ ಹೆಂಗಸೊಬ್ಬಳು ಹತ್ತಿರ ಬಂದು, ಫೋನಿನಲ್ಲಿದ್ದ ಚಿತ್ರ ನೋಡಿ, ಇವಳ ಮುಖ ನೋಡಿ, "ನೀವೇ ಅಲ್ವಾ? ಒಳಗಿಂದ ತಂದಿದ್ದು ನೀವೇ ಅಲ್ವಾ?" ಎಂದಳು. ವಿಡಿಯೋದಲ್ಲಿ ಕಪ್ಪು ಬಟ್ಟೆಯ ಮುಂದೆ ತಮ್ಮ ಬಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಕಣ್ಣಲ್ಲಿ ನೀರು. "ನನ್ನ ಸ್ವಂತ ಅಕ್ಕ. ಅವರು ನಮ್ಮಿಂದ ಬಚ್ಚಿಟ್ಟಿದ್ದನ್ನ ನಮ್ಮ ಮನೆ ಮೇಜಿನ ಮೇಲೆ ತಂದಿಟ್ಟಿದ್ದಾಳೆ." ಹಿಂದೆ ಅಕ್ಕ ತಮ್ಮ ಇಬ್ಬರ ಹಳೆಯ ಫೋಟೋ. ಫೋನಿನ ಗಾಜು ಕೇಳುವವರೂ ಸೇರಿದಂತೆ ಊರಿಗೆ ಊರೇ ಅದನ್ನು ನೋಡಿಯಾಗಿತ್ತು, ನೋಡಿದವರೆಲ್ಲ ಇನ್ನೊಬ್ಬರಿಗೆ ಕಳಿಸಿಯಾಗಿತ್ತು.

ಪ್ರಯೋಗಾಲಯದ ಗೇಟಿನಲ್ಲಿ ಗುಂಪು ನೆರೆದಿತ್ತು. ಕೆಲವರ ಕೈಯಲ್ಲಿ ತಟ್ಟೆಯ ಚಿತ್ರ, ಕೆಲವರ ಕೈಯಲ್ಲಿ 'ಬಚ್ಚಿಟ್ಟದ್ದನ್ನು ಬಿಚ್ಚಿಡಿ' ಎಂಬ ಫಲಕ. ಇಷ್ಟು ಜನ ಕೆಲಸಗಾರರ ಮುಷ್ಕರಕ್ಕೆ ಯಾವತ್ತೂ ಬಂದಿರಲಿಲ್ಲ. ಕಾವಲುಗಾರ ಅವಳ ಪಾಸನ್ನು ಯಂತ್ರಕ್ಕೆ ತೋರಿಸಿದ. ಕೆಂಪು ದೀಪ ಹೊತ್ತಿತು. "ಅಕ್ಕ, ಕ್ಷಮಿಸು. ಮೇಲಿಂದ ಹೇಳಿದಾರೆ" ಎಂದ. ಇಷ್ಟು ವರ್ಷ ಅವಳ ಬಳೆಗಳಿಗೆ ಹೋಗು ಎಂದವನು ಅವನೇ.

ವಿಚಾರಣೆ ಒಂದು ಮಧ್ಯಾಹ್ನ ನಡೆಯಿತು. ಉದ್ದ ಮೇಜಿನ ಆಚೆ ನಿರ್ದೇಶಕರು, ಭದ್ರತಾ ಅಧಿಕಾರಿ, ನೂರಾ ಹದಿನೈದರ ಪ್ರಯೋಗ ನಡೆಸುವ ವಿಜ್ಞಾನಿ ಮೇಡಂ. ಈಚೆ ಇವಳೊಬ್ಬಳು. ಕುರ್ಚಿ ಕೊಟ್ಟರು, ಕೂರಲಿಲ್ಲ.

"ನೀವು ನೂರಾ ಹದಿನೈದನ್ನ ಹೊರಗೆ ತಗೊಂಡು ಹೋಗಿದ್ದೀರಾ?" ಭದ್ರತಾ ಅಧಿಕಾರಿ ಕೇಳಿದ.

ಅವಳಿಗೆ ನಗು ಬಂತು. "ಮೇಡಂ, ನೀವೇ ಹೇಳಿ. ಹೋದ ಓಟದಲ್ಲಿ ಎಷ್ಟು ಹುಟ್ಟಿತ್ತು?"

"ಬೆರಳಲ್ಲಿ ಎಣಿಸೋಷ್ಟು ಪರಮಾಣು" ಎಂದರು ಮೇಡಂ, ಮೇಜು ನೋಡುತ್ತ.

"ಅದ್ರಲ್ಲಿ ಈಗ ಎಷ್ಟು ಉಳಿದಿದೆ?"

"ಒಂದೂ ಇಲ್ಲ. ಉಳಿಯೋಕೆ ಸಾಧ್ಯಾನೇ ಇಲ್ಲ."

"ಮತ್ತೆ ನಾನು ಕದ್ದಿದ್ದು ಏನು ಸಾರ್?"

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಇಂಥವರಿಂದ ಆಗುವ ಅನ್ಯಾಯಕ್ಕೆ ಸದ್ದೇ ಇರುವುದಿಲ್ಲ. "ನೋಡಮ್ಮ, ನೀನು ಏನು ಕದ್ದೆ ಅನ್ನೋದು ಪ್ರಶ್ನೆ ಅಲ್ಲ. ನೀನು ಕದ್ದೆ ಅಂತ ಜನ ನಂಬಿದ್ದಾರೆ, ಅದು ಪ್ರಶ್ನೆ."

"ಹಾಗಾದ್ರೆ ಜನರನ್ನ ಕರೆದು ವಿಚಾರಿಸಿ. ನನ್ನನ್ಯಾಕೆ?"

"ನಾವು ಈಗ ಬಾಯಿ ತೆರೆದು ಇಲ್ಲ ಅಂದ್ರೆ, ಏನೋ ಮುಚ್ಚಿಡ್ತಿದ್ದಾರೆ ಅಂತಾರೆ. ಸ್ವಲ್ಪ ತಣ್ಣಗಾಗ್ಲಿ. ತೀರ್ಮಾನ ಹೇಳಿ ಕಳಿಸ್ತೀವಿ. ಅಲ್ಲಿವರೆಗೆ ಮನೇಲಿರು."

"ಬಳೆ ತಗೊಂಡು ಹೋಗೋದು ಎಲ್ಲರಿಗೂ ಗೊತ್ತಿರೋ ರೂಢಿ ಸಾರ್."

ಭದ್ರತಾ ಅಧಿಕಾರಿ ತಲೆ ಎತ್ತಿದ. "ಎಲ್ಲರೂ ಅಂದ್ರೆ ಯಾರು ಯಾರು? ಹೆಸರು ಹೇಳಿ."

ಅವಳು ಕೂರದ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ ಬಾಗಿಲ ಕಡೆ ತಿರುಗಿದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ಹೊರಗೆ ಬರುವಾಗ ಮೇಡಂ ಓಣಿಯವರೆಗೆ ಹಿಂದೆಯೇ ಬಂದು ತಗ್ಗಿದ ದನಿಯಲ್ಲಿ, "ಇದೆಲ್ಲ ಹುಚ್ಚು ಅಂತ ನಂಗೊತ್ತು ಅಕ್ಕ" ಎಂದರು.

"ನಂಗೂ ಗೊತ್ತು ಮೇಡಂ. ಅಲ್ಲಿ ಒಳಗೆ ಜೋರಾಗಿ ಹೇಳ್ಬೇಕಿತ್ತು."

ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಅವಳ ಪರ ಒಂದು ಮಾತು ಹೇಳಲೂ ಯಾರೂ ಬರಲಿಲ್ಲ. ಆ ವಾರವೇ ಬಾಯ್ಲರ್‌ನವನ ಮನೆಯ ಪರದೆಗೆ ಪ್ಲಾಸ್ಟಿಕ್ ಬಳೆ ಬಂತು. ಹೂಕುಂಡಗಳ ಕೆಳಗಿನ ತಾಮ್ರ ಗುಜರಿಗೆ ಹೋಯಿತು. ಸಂಘದ ಕಚೇರಿಗೆ ಹೋಗಿ ಕೇಳಿದರೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಇದು ಬಹಳ ಸೂಕ್ಷ್ಮ ವಿಷಯ ಅಕ್ಕ. ವೇತನ ಒಪ್ಪಂದದ ಮಾತುಕತೆ ಬೇರೆ ನಡೀತಿದೆ" ಎಂದ. ಹೋರಾಟ ಹೋರಾಟ ಎಂದು ಗಂಟಲು ಹರಿದುಕೊಂಡ ಸಂಘದ ಹಣೆಬರಹ ಇದು. ಸೂಕ್ಷ್ಮ ಎಂಬ ಪದ ನಾಯಕನ ಬಾಯಿಗೆ ಬಂದರೆ ಅವನು ಆಗಲೇ ಹಿಂಬಾಗಿಲಿನಲ್ಲಿ ಚಪ್ಪಲಿ ಮೆಟ್ಟಿಕೊಂಡಿದ್ದಾನೆ ಎಂದು ತಿಳಿಯಬೇಕು.

ಮನೆಯಲ್ಲಿ ಕೂರಿಸಿದರೆ ಕೂರುವ ಹೆಂಗಸೇ ಅವಳು? ಮೊದಲು ನಲ್ಲಿಗಳನ್ನೆಲ್ಲ ಬಿಚ್ಚಿ ಬಿಗಿದಳು. ಆಮೇಲೆ ಬಾಗಿಲುಗಳ ಸಂದಿಗೆ ಬಟ್ಟೆ ಪಟ್ಟಿ ಹೊಡೆದಳು. ಕಿಟಕಿಗಳು ಎಷ್ಟು ಬಿಗಿಯಾದವೆಂದರೆ ತಮ್ಮನ ಹೆಂಡತಿ ಅಡುಗೆಗೆ ಒಗ್ಗರಣೆ ಹಾಕಿದರೆ ಹೊಗೆಗೆ ದಾರಿಯಿಲ್ಲದೆ ಎಲ್ಲರೂ ಕೆಮ್ಮುತ್ತ ಮೆಟ್ಟಿಲಿಗೆ ಓಡಬೇಕಾಯಿತು. ಬೆಳಿಗ್ಗೆ ಎದ್ದು ಪ್ರಯೋಗಾಲಯದ ಗೇಟಿನವರೆಗೆ ನಡೆದು, ತಿರುಗಿ ಬಂದು, ಮತ್ತೆ ಹೋಗುತ್ತಿದ್ದಳು. ದಾರಿಯಲ್ಲಿ ಜನ ನಿಲ್ಲಿಸುತ್ತಿದ್ದರು. ಕೆಲವರು ಕಳ್ಳಿ ಎಂದರು, ಕೆಲವರು ಕಾಲಿಗೆ ಬೀಳಲು ಬಂದರು. ಎರಡಕ್ಕೂ ಅವಳಿಗೆ ಒಂದೇ ತೆರ ಮೈ ಉರಿಯುತ್ತಿತ್ತು. "ಸೋರಿಕೆ ಹಿಡಿಯೋಳೇ ಸೋರಿಸಿಬಿಟ್ಟಳು" ಎಂದು ಹಾಲಿನವನು ಹಲ್ಲು ಕಿರಿದ ದಿನ ಹಾಲಿನ ಪಾತ್ರೆಯನ್ನು ಅವನ ಗಾಡಿಯ ಮೇಲೆ ಕುಕ್ಕಿ ಬಂದಿದ್ದಳು. ನೆಲಮಾಳಿಗೆಯಲ್ಲಿ ಅವಳ ಜಾಗಕ್ಕೆ ಗುತ್ತಿಗೆಯವರು ಬಂದಿದ್ದಾರೆಂದು ಕೇಳಿದಾಗ ಅಂಗೈ ತುರಿಸಲು ಶುರುವಾಯಿತು. ಔಷಧಿ ಹಚ್ಚಿದರೂ ನಿಲ್ಲಲಿಲ್ಲ.

ತಮ್ಮನ ಜೊತೆಗಿನ ಜಗಳವೂ ಕೂತು ಆದದ್ದಲ್ಲ. ಅವನು ರಿಪೇರಿ ಮೇಜಿನಲ್ಲಿ, ಅವಳು ಅಂಗಡಿಯೊಳಗೆ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ.

"ತಾಮ್ರ ಕಣೋ ಅದು. ಬರೀ ತಾಮ್ರ. ವಿಡಿಯೋ ಹಾಕಿ ಹೇಳು."

"ಅಕ್ಕ, ನಿನಗೆ ಹಾಗಂತ ಹೇಳಿರ್ತಾರೆ. ನೀನು ಏನು ತಂದೆ ಅಂತ ನಿನಗೇ ಗೊತ್ತಿಲ್ಲದೆ ಇರಬಹುದು."

"ಮೂವತ್ತು ವರ್ಷ ತಾಮ್ರ ಬಿಗಿದಿದ್ದೀನಿ, ನಂಗೆ ತಾಮ್ರ ಗೊತ್ತಿಲ್ವಾ?"

"ನಿಮ್ಮ ಮೇಡಮ್ಮೇ ಒಂದ್ಸಲ ಭಾಷಣದಲ್ಲಿ ಹೇಳಿದ್ರು. ನ್ಯೂಟ್ರಾನ್ ಜಾಸ್ತಿ ತುಂಬಿದ್ರೆ ಈ ಭಾರದ ಧಾತುಗಳು ಹೆಚ್ಚು ಹೊತ್ತು ಬಾಳಬಹುದು ಅಂತ."

"ಬಾಳಬಹುದು ಅಂದ್ರು. ನಮ್ಮನೆ ಪಾತ್ರೆ ಕೆಳಗೆ ಬಂದು ಕೂತಿದೆ ಅಂದ್ರಾ?"

ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ. "ಜನ ಈಗ ನನ್ನ ಮಾತು ಕೇಳ್ತಿದಾರೆ ಅಕ್ಕ. ಜೀವನದಲ್ಲಿ ಮೊದಲನೇ ಸಲ."

"ಅವರು ನಿನ್ನ ಮಾತು ಕೇಳೋಕೆ ನನ್ನ ಕೆಲಸ ಹೋಗ್ಬೇಕಾ?"

ಅವಳು ಗೋಡೆಯ ಮೊಳೆಯಿಂದ ಕಬ್ಬಿಣ ಕೊಯ್ಯುವ ಗರಗಸ ಇಳಿಸಿದಳು. ಕಪ್ಪು ಬಟ್ಟೆಯ ಹಿಂದಿನಿಂದ ಬಳೆ ತಂದು ಮೇಜಿನ ಇಕ್ಕಳಕ್ಕೆ ಬಿಗಿದಳು. "ಕ್ಯಾಮೆರಾ ಹಚ್ಚು. ನೇರ ಪ್ರಸಾರ ಮಾಡ್ತೀಯಲ್ಲ, ಅದನ್ನೇ ಮಾಡು. ನಿನ್ನ ತಟ್ಟೆ ಇಂಧನ ಒಳಗಿಂದ ಹೇಗಿದೆ ನೋಡಿಬಿಡೋಣ."

ತಮ್ಮ ಹಚ್ಚಿದ. ಅವನಿಗೂ ಒಳಗೆಲ್ಲೋ ನೋಡುವ ಆಸೆ ಇತ್ತು. ಅವಳು ಗರಗಸ ಎಳೆದಳು. ತಾಮ್ರದ ಪುಡಿ ಮೇಜಿನ ಮೇಲೆ ಉದುರಿತು, ಕೊಯ್ದ ಮುಖ ಹೊಚ್ಚ ಹೊಸ ಕಾಸಿನಂತೆ ಕೆಂಪಗೆ ಹೊಳೆಯಿತು. ಹೊರಗೂ ತಾಮ್ರ, ಒಳಗೂ ತಾಮ್ರ. ಇನ್ನೊಂದು ಕಡೆಯೂ ಕೊಯ್ದಳು, ಮತ್ತೊಂದು ಕಡೆಯೂ ಕೊಯ್ದಳು. ತಮ್ಮ ಒಂದು ತುಂಡು ತೆಗೆದು, ಫೋನಿನ ತಂತಿಗಳನ್ನು ಪರೀಕ್ಷಿಸುವ ಮೀಟರು ಹಚ್ಚಿ ನೋಡಿದ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ, "ಇದು ತಾಮ್ರ. ನಾನು ತಪ್ಪು ಹೇಳಿದ್ದೆ. ನಮ್ಮಕ್ಕ ಏನೂ ಕದ್ದಿಲ್ಲ" ಎಂದ. ಆ ಸಾಲನ್ನು ಇವತ್ತಿನವರೆಗೆ ನಾಲ್ಕು ಜನರೆದುರು ಹೇಳಿದವನು ಅವನೊಬ್ಬನೇ.

ಪರದೆಯ ಮೇಲೆ ಮಾತುಗಳು ಸುರಿಯತೊಡಗಿದವು. 'ಬಳೆ ಬದಲಿಸಿದ್ದಾರೆ.' 'ಅಕ್ಕನ ಕಣ್ಣು ನೋಡಿ, ಹೆದರಿಸಿದ್ದಾರೆ.' 'ಎಷ್ಟಕ್ಕೆ ಮಾರಿಕೊಂಡೆಯೋ?' 'ಇಷ್ಟು ಆತುರವಾಗಿ ಅಲ್ಲಗಳೆಯುತ್ತಿದ್ದಾರೆ ಅಂದರೆ ನಿಜವೇ ಇರಬೇಕು.' ತಮ್ಮ ಒಂದೊಂದನ್ನೂ ಓದಿದ. ಮುಖ ಸುಣ್ಣದ ಗೋಡೆಯಾಯಿತು. ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, "ಮೇಜಿಗೆ ಈಗ ಏನಿಡ್ಲಿ?" ಎಂದು ಕೇಳಿ ಮೇಲೆ ಹೋದಳು.

ತಮ್ಮನ ಚಾನೆಲ್ ಖಾಲಿಯಾಯಿತು. ಮೊದಲ ವಿಡಿಯೋ ಮಾತ್ರ ಊರೂರು ಸುತ್ತುತ್ತಲೇ ಇತ್ತು. ಎರಡನೆಯದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಸೋರಿಕೆಯಕ್ಕ ಕೊಯ್ದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ನಿರ್ದೇಶಕರ ಕಚೇರಿಗೆ ಹೋದಳು. ಸುದ್ದಿ ಹಬ್ಬಿಸಿದವನೇ ತಪ್ಪಾಯಿತು ಎಂದ ಮೇಲೆ ಇನ್ನೇನು ಅಡ್ಡಿ? ತೀರ್ಮಾನ ಹೇಳಿ ಎಂದಳು. ಹೇಳೋಣ, ಹೇಳೋಣ ಎಂದರು. ಬೇಸಿಗೆ ಮುಗಿಯಿತು.

ಮುಂದಿನ ಬೇಸಿಗೆಯಲ್ಲಿ ಕರೆ ಬಂತು. ಅವಳು ಹಳೆಯ ಕೆಲಸದ ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಹೋದಳು. ಆದರೆ ಕರೆದದ್ದು ನೆಲಮಾಳಿಗೆಗಲ್ಲ, ವೀಕ್ಷಕರ ಸಭಾಂಗಣಕ್ಕೆ. ಪ್ರಯೋಗಾಲಯ ನೋಡಲು ಟಿಕೆಟ್ಟು ತೆತ್ತು ಬರುವ ಜನರಿಗೆಂದು ಕಟ್ಟಿದ ದೊಡ್ಡ ಕೋಣೆ ಅದು. ಬಾಗಿಲಲ್ಲೇ ಆಳೆತ್ತರದ ಚಿತ್ರ: ಹೊಳೆಯುವ ಹಾರುವ ತಟ್ಟೆ, ಕೆಳಗೆ 'ನೂರಾ ಹದಿನೈದು ಹುಟ್ಟುವ ಜಾಗಕ್ಕೆ ಸ್ವಾಗತ'.

"ತಾತ್ಕಾಲಿಕ ವ್ಯವಸ್ಥೆ" ಎಂದರು ನಿರ್ದೇಶಕರು. "ಬರೋರೆಲ್ಲ ನಿನ್ನನ್ನೇ ಕೇಳ್ತಾರೆ. ಇಲ್ಲಿ ನಿಂತು ನಾಲ್ಕು ಮಾತಾಡು. ಕೆಲಸವೂ ಹಗುರ."

ನಿಲ್ಲುವ ಕೆಲಸ ತಾನೆ ಎಂದು ನಿಂತಳು. ಜನ ಸಾಲುಗಟ್ಟಿದರು. "ಒಳಗೆ ನಿಜವಾಗ್ಲೂ ಏನಿದೆ ಮೇಡಂ?" ಎಂದು ಒಬ್ಬ ಕೇಳಿದ.

"ಪಂಪು ಇದೆ. ಕೊಳವೆ ಇದೆ. ಗಾಳಿ ಇಲ್ಲ."

"ನೀವು ತಂದಿದ್ದು?"

"ತಾಮ್ರ."

ಅವನು ಅಕ್ಕಪಕ್ಕ ನೋಡಿ ಕಣ್ಣು ಮಿಟುಕಿಸಿದ. "ಅರ್ಥ ಆಯ್ತು ಬಿಡಿ. ನೀವು ಹೇಳೋ ಹಾಗಿಲ್ಲ."

"ಹೇಳೋ ಹಾಗಿದೆ, ಹೇಳ್ತಾನೇ ಇದ್ದೀನಿ. ತಾಮ್ರ."

"ಆಯ್ತಾಯ್ತು" ಎಂದು ಇನ್ನೊಮ್ಮೆ ಕಣ್ಣು ಮಿಟುಕಿಸಿ ಫೋಟೋ ತೆಗೆಸಿಕೊಂಡು ಹೋದ. ಅವನ ಹಿಂದಿನವಳೂ ಮಿಟುಕಿಸಿದಳು. ಅವಳ ಹಿಂದಿನವರೂ. ಮಧ್ಯಾಹ್ನದ ಹೊತ್ತಿಗೆ ಸೋರಿಕೆಯಕ್ಕ ಕೌಂಟರಿನ ಈ ಕೊನೆಯಿಂದ ಆ ಕೊನೆಗೆ ಬೋನಿನ ಪ್ರಾಣಿಯಂತೆ ತಿರುಗುತ್ತಿದ್ದಳು. ಹಾಗೆ ತಿರುಗುವಾಗಲೇ ನೆನಪಿನ ಕಾಣಿಕೆ ಮಾರುವ ಕಪಾಟು ಕಣ್ಣಿಗೆ ಬಿತ್ತು. ಕಪಾಟಿನ ತುಂಬ ಕೀಲಿಕೈ ಗೊಂಚಲು. ಒಂದೊಂದಕ್ಕೂ ತಾಮ್ರಬಣ್ಣದ ಪುಟ್ಟ ಬಳೆ. ಬಳೆಯ ಮೇಲೆ 115, ಅದೂ ಅವಳದೇ ಕೈಬರಹದಲ್ಲಿ. ವಿಡಿಯೋ ನೋಡಿ ಅಚ್ಚು ತೆಗೆಸಿದ್ದರು.

ಒಂದನ್ನು ಕಿತ್ತುಕೊಂಡು ನೇರ ನಿರ್ದೇಶಕರ ಕೋಣೆಗೆ ನುಗ್ಗಿದಳು.

"ಇದನ್ನ ಕದ್ದೆ ಅಂತ ನನ್ನನ್ನ ಹೊರಗೆ ಹಾಕಿದ್ರಿ. ಈಗ ಕೀಲಿಕೈಗೆ ಕಟ್ಟಿ ಮಾರ್ತಿದೀರಾ?"

"ಅದು ಬರೀ ತಮಾಷೆ ಕಣಮ್ಮ. ಜನ ಇಷ್ಟಪಡ್ತಾರೆ."

"ತಮಾಷೆ ಅಂತ ತೀರ್ಮಾನ ಹೇಳಿಬಿಡಿ ಮತ್ತೆ. ಈಕೆ ಏನೂ ಕದ್ದಿಲ್ಲ ಅಂತ ಹೇಳಿ, ನನ್ನ ನಳಿಕೆ ನನ್ನ ಕೈಗೆ ಕೊಡಿ, ನಾನು ಕೆಳಗೆ ಹೋಗ್ತೀನಿ."

ನಿರ್ದೇಶಕರು ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಟಿಕೆಟ್ಟಿನ ಸಾಲು ಬೀದಿಯವರೆಗೆ ಹೋಗಿತ್ತು. "ಎರಡು ವರ್ಷದ ಹಿಂದೆ ಇಲ್ಲಿ ನೊಣ ಹಾರ್ತಿತ್ತು" ಎಂದರು ಮೆಲ್ಲಗೆ. "ವಿಜ್ಞಾನಕ್ಕೆ ಜನ ಬೇಕಮ್ಮ. ಜನ ಬಂದ್ರೆ ಯಂತ್ರ ಓಡುತ್ತೆ. ಸ್ವಲ್ಪ ತಾಳ್ಮೆ ಇರ್ಲಿ."

ಅವಳಿಗೆ ಅಲ್ಲಿಗೆ ತಿಳಿಯಿತು. ಆ ಸಾಲು ಬರುವುದಿಲ್ಲ. ಕಳ್ಳತನ ಸುಳ್ಳೆಂದು ಅವರಿಗೆ ಗೊತ್ತಿಲ್ಲ ಎಂದಲ್ಲ, ಆ ಸುಳ್ಳೇ ಟಿಕೆಟ್ಟು ಮಾರಿಕೊಡುತ್ತಿದೆ ಎಂದು. ತಟ್ಟೆ ನಂಬುವ ತಮ್ಮ ಒಂದು ಗರಗಸದ ಏಟಿಗೆ ಸತ್ಯ ಒಪ್ಪಿದ. ಧಾತುವಿನ ಆಯುಸ್ಸನ್ನು ಸೆಕೆಂಡಿನ ಚೂರುಗಳಲ್ಲಿ ಅಳೆಯುವ ಮಹನೀಯರು ಎರಡು ಬೇಸಿಗೆಯಾದರೂ ಒಪ್ಪಲಿಲ್ಲ. ಅವಳು ಎದೆಯ ಮೇಲಿನ ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟಳು. ಕೆಳಗಿಳಿದು ನೆಲಮಾಳಿಗೆಯ ಬಾಗಿಲವರೆಗೆ ಹೋದಳು. ಪಾಸಿಲ್ಲದೆ ಬಾಗಿಲು ತೆರೆಯಲಿಲ್ಲ. ಅದರ ರಬ್ಬರು ಅಂಚಿನ ಉದ್ದಕ್ಕೂ ಬೆರಳಾಡಿಸಿದಳು. ಕೆಳಮೂಲೆಯಲ್ಲಿ ತಣ್ಣಗೆ ಗಾಳಿ ಬರುತ್ತಿತ್ತು. ಗುತ್ತಿಗೆಯವರು ಬಾಗಿಲನ್ನೇ ನೆಟ್ಟಗೆ ಹಾಕಿರಲಿಲ್ಲ.

ಈಗ ಅವಳು ಪ್ರತಿ ವೀಕ್ಷಕರ ದಿನಕ್ಕೂ ಹೋಗುತ್ತಾಳೆ, ಎಲ್ಲರಂತೆ ಟಿಕೆಟ್ಟು ಕೊಂಡು. ತಮ್ಮ ಅಂಗಡಿ ಮುಚ್ಚಿ ಜೊತೆಗೆ ಬರುತ್ತಾನೆ. "ತಟ್ಟೆ ಇದ್ದೇ ಇದೆ ಅಕ್ಕ. ಆದ್ರೆ ನಿನ್ನ ಬಳೆ ತಾಮ್ರ" ಎನ್ನುತ್ತಾನೆ ಸಾಲಿನಲ್ಲಿ ನಿಂತು. ಅಷ್ಟು ಸಾಕು ಅವಳಿಗೆ, ಉಳಿದದ್ದು ಅವನ ಪಾಡು. ನಿರ್ದೇಶಕರ ಭಾಷಣ ಮುಗಿದ ಮೇಲೆ ಪ್ರಶ್ನೆಗಳಿದ್ದರೆ ಕೇಳಿ ಎನ್ನುತ್ತಾರೆ. ಅವಳು ಹಿಂದಿನ ಗೋಡೆಯ ಬಳಿ ನಿಂತು ಕೈ ಎತ್ತುತ್ತಾಳೆ. ಮೈಕ್ ಹಿಡಿದವನು ಅವಳನ್ನು ದಾಟಿಕೊಂಡು ಮುಂದೆ ಹೋಗುತ್ತಾನೆ. ಯಾರೋ ಅನ್ಯಲೋಕದವರ ಬಗ್ಗೆ ಕೇಳುತ್ತಾರೆ, ನಿರ್ದೇಶಕರು ನಗುತ್ತ, "ಯಾರಿಗೆ ಗೊತ್ತು!" ಎನ್ನುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಅವಳ ಕೈ ಮೇಲೆಯೇ ಇರುತ್ತದೆ.

ಅವಳ ಕೈಗೆ ಮೈಕ್ ಕೊಡುವುದಿಲ್ಲ. ನಿಮಗೆ ಕೊಡುತ್ತಾರೆ. ನೀವು ಟಿಕೆಟ್ಟು ಕೊಂಡವರು, ಆ ಮೊದಲ ವಿಡಿಯೋವನ್ನು ನೋಡಿ ನಾಲ್ಕು ಜನಕ್ಕೆ ಕಳಿಸಿದವರು, ಸುಮ್ಮನೆ ಒಂದು ಸಲ ಕಣ್ಣು ಮಿಟುಕಿಸಿದವರು. ಮುಂದಿನ ಸಲ ಆ ಸಭಾಂಗಣಕ್ಕೆ ಹೋದಾಗ ಮೈಕ್ ನಿಮ್ಮ ಕೈಗೆ ಬಂದರೆ ತಟ್ಟೆಯ ವಿಷಯ ಕೇಳಬೇಡಿ. ಎದ್ದು ನಿಂತು ಕೇಳಿ: ಒಂದು ಸೆಕೆಂಡೂ ಬಾಳದ್ದನ್ನು ಈ ಹೆಂಗಸು ಹೇಗೆ ಕದ್ದಳು? ಅವರು ನಗುತ್ತಾರೆ, ಗಡಿಯಾರ ನೋಡುತ್ತಾರೆ, ಮುಂದಿನ ಪ್ರಶ್ನೆ ಎನ್ನುತ್ತಾರೆ. ಉತ್ತರ ಬರುವವರೆಗೆ ಕೂರಬೇಡಿ, ಮೈಕ್ ಬಿಡಬೇಡಿ.